ಟಾರ್ಚಿನ ಮುಂದೆ ಸ್ನೋಮ್ಯಾನ್ ಮಣಿ: ನಾನು ಮಾಡುವ ಕ್ರಮ

ಕ್ರಿಸ್‌ಮಸ್ ಹತ್ತಿರವಾದಾಗ ನಾನು ಹೆಚ್ಚಾಗಿ ಮಾಡುವುದು ಸ್ನೋಮ್ಯಾನ್ ಮಣಿ: ಗ್ಯಾಸ್ ಟಾರ್ಚಿನ ಜ್ವಾಲೆಯಲ್ಲಿ ಗಾಜು ಕರಗಿಸಿ ಮಾಡುವ, ಹಿಮದ ಬೊಂಬೆಯ ಆಕಾರದ ಮಣಿ. ಎರಡು ಬಿಳಿ ಉಂಡೆ, ಟೋಪಿ, ಮಫ್ಲರ್, ಮೂಗು, ಅಷ್ಟೇ. ಕಷ್ಟವಿರುವುದು ಆಕಾರದಲ್ಲಲ್ಲ, ಕಾವಿನಲ್ಲಿ. ಮುಖಕ್ಕೆ ಚುಕ್ಕಿ ಇಡುತ್ತ ಕೂತರೆ ಹೊಟ್ಟೆ ತಣ್ಣಗಾಗಿ ಸೀಳುತ್ತದೆ. ಹೊಟ್ಟೆ ಕಾಯಿಸಲು ಹೋದರೆ ಮುಖ ಕರಗಿ ಹರಡುತ್ತದೆ. ಹಾಗಾಗಿ ದಪ್ಪ ಭಾಗಗಳೆಲ್ಲ ಮೊದಲು, ಸಣ್ಣವು ಕೊನೆಗೆ.

ನಾನು ಬಳಸುವುದು ಇಟಲಿಯ ಎಫೆಟ್ರೆ ಗಾಜಿನ ಕಡ್ಡಿ, 5–6 ಮಿ.ಮೀ. ದಪ್ಪದ್ದು. ಕಾವಿಗೆ ಹಿಗ್ಗುವ ಲೆಕ್ಕದಲ್ಲಿ ಇದು 104ರ ಗಾಜು (ಈ ಅಂಕಿ ಹೆಚ್ಚಿದಷ್ಟೂ ಹಿಗ್ಗುವುದು, ಕುಗ್ಗುವುದು ಹೆಚ್ಚು). 33ರ ಬೊರೋಸಿಲಿಕೇಟ್, ಅಂದರೆ ಪ್ರಯೋಗಾಲಯದ ಪಾತ್ರೆಗಳ ಗಾಜು, ಇದರ ಜೊತೆ ಸೇರುವುದೇ ಇಲ್ಲ. ಚೆಂದದ ಬಣ್ಣವೆಂದು ಬಳೆ ಚೂರು, ಬಾಟಲಿ ಚೂರು ಸೇರಿಸುವ ಆಸೆ ಬರುತ್ತದೆ, ಸೇರಿಸಬೇಡಿ. ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ, ಮಣಿ ಅಂದೇ ಅಥವಾ ಎಷ್ಟೋ ದಿನ ಬಿಟ್ಟು ಒಡೆಯುತ್ತದೆ.

ಮಣಿ ಸುತ್ತುವ ಸ್ಟೀಲ್ ಕಡ್ಡಿ, ಅಂದರೆ ಮ್ಯಾಂಡ್ರೆಲ್, 2.4 ಮಿ.ಮೀ. ಇರಲಿ. ಅದನ್ನು ಗಾಜು ಅಂಟದಂತೆ ತಡೆಯುವ ಬೀಡ್ ರಿಲೀಸ್ ಲೇಪದಲ್ಲಿ ಅದ್ದಿ ಪೂರ್ತಿ ಒಣಗಿಸಬೇಕು. ಹಸಿ ಇದ್ದರೆ ಜ್ವಾಲೆಗೆ ಹಿಡಿದಾಗ ಲೇಪ ಚಕ್ಕೆ ಏಳುತ್ತದೆ, ಗಾಜು ಸ್ಟೀಲಿಗೇ ಕಚ್ಚಿಕೊಳ್ಳುತ್ತದೆ. ಕಣ್ಣಿಗೆ ಡಿಡಿಮಿಯಂ ಕನ್ನಡಕ ಬೇಕೇ ಬೇಕು: ಕಾದ ಗಾಜಿನ ಸೋಡಿಯಂ ಹೊಮ್ಮಿಸುವ ಹಳದಿ ಬೆಳಕನ್ನು ಅದು ತಡೆಯುತ್ತದೆ, ಇಲ್ಲದಿದ್ದರೆ ಆ ಬೆಳಕಿನಲ್ಲಿ ಮಣಿ ಸರಿಯಾಗಿ ಕಾಣುವುದೇ ಇಲ್ಲ.

ಬಿಳಿ ಕಡ್ಡಿಯ ತುದಿಯನ್ನು ಜ್ವಾಲೆಯ ಹೊರ ಅಂಚಿನಲ್ಲಿ ಆಡಿಸುತ್ತ ಕಾಯಿಸಿ, ನಿಧಾನವಾಗಿ ಒಳಗೆ ತನ್ನಿ. ಒಮ್ಮೆಲೇ ಹಿಡಿದರೆ ತುದಿ ಸಿಡಿದು ಹಾರುತ್ತದೆ. ಗಾಜು ಜೇನಿನ ಹದಕ್ಕೆ ಬಂದಾಗ ಮ್ಯಾಂಡ್ರೆಲ್‌ಗೆ ತಾಗಿಸಿ ಸುತ್ತಿ. ಹೊಟ್ಟೆಗೆ 12 ಮಿ.ಮೀ., ತಲೆಗೆ 9 ಮಿ.ಮೀ. ಸಾಕು. ಬಿಳಿ ಮೇಲೆ ಬೂದು ಛಾಯೆ ಬಂದರೆ ಜ್ವಾಲೆಯಲ್ಲಿ ಆಮ್ಲಜನಕ ಕಡಿಮೆಯಾಗಿದೆ ಅಥವಾ ಕಡ್ಡಿಯ ಮೇಲೆ ಕೊಳೆಯಿದೆ. ಸಣ್ಣ ಗುಳ್ಳೆ ಎದ್ದರೆ ಟಾರ್ಚಿಗೆ ತೀರಾ ಹತ್ತಿರ ಹಿಡಿದು ಕುದಿಸಿದ್ದೀರಿ.

ತಲೆ ಕೂತ ಕೂಡಲೇ ಟೋಪಿ. ಕಪ್ಪು ಗಾಜಿನ ಒಂದು ಸುತ್ತು ಅಂಚಿಗೆ, ಅದರ ಮೇಲೆ ಚಿಕ್ಕದೊಂದು ಸುತ್ತು. ಆಮೇಲೆ ಮಫ್ಲರ್. ಇದು ಬರೀ ಅಲಂಕಾರವಲ್ಲ. ಎರಡು ಉಂಡೆ ಕೂಡುವ ಕಡೆ ಚೂಪಾದ ಸಂದು ಉಳಿಯುತ್ತದೆ, ಬಿರುಕು ಹುಟ್ಟುವುದು ಅಲ್ಲೇ. 2 ಮಿ.ಮೀ. ಕೆಂಪು ಎಳೆಯನ್ನು (ಗಾಜಿನ ಕಡ್ಡಿಯನ್ನು ಕಾಯಿಸಿ ತೆಳ್ಳಗೆ ಎಳೆದದ್ದು) ಆ ಸಂದಿನಲ್ಲಿ ಸುತ್ತಿ, ತಳದವರೆಗೆ ಇಳಿಯುವಷ್ಟು ಕರಗಿಸಿ. ಮೇಲೆ ಮೇಲೆ ಕೂತರೆ ಪ್ರಯೋಜನವಿಲ್ಲ. ಕೆಂಪು ಬಿಸಿಯಿದ್ದಾಗ ಕಪ್ಪಾಗಿ ಕಾಣುತ್ತದೆ, ತಣಿದಂತೆ ಬಣ್ಣ ಮರಳುತ್ತದೆ. ಅದಕ್ಕೆ ಹೆದರಿ ಮತ್ತೆ ಮತ್ತೆ ಕಾಯಿಸಿದರೆ ಮಾತ್ರ ನಿಜಕ್ಕೂ ಕಂದಾಗಿ ಉಳಿಯುತ್ತದೆ.

ಕಣ್ಣು, ಗುಂಡಿಗಳಿಗೆ ಸುಮಾರು 1.5 ಮಿ.ಮೀ. ಕಪ್ಪು ಎಳೆ. ಎಫೆಟ್ರೆಯ ಸಾಮಾನ್ಯ ಕಪ್ಪು ಅಸಲಿಗೆ ಗಾಢ ನೇರಳೆ. ಎಳೆ ತೀರಾ ತೆಳುವಾದರೆ ಆ ನೇರಳೆ ಹೊರಬೀಳುತ್ತದೆ. ಎಳೆಯ ತುದಿಯನ್ನಷ್ಟೇ ಕರಗಿಸಿ, ಮಣಿಯನ್ನು ಜ್ವಾಲೆಯ ಕೆಳಗೆ ಇಟ್ಟುಕೊಂಡು ಚುಕ್ಕಿ ಒತ್ತಿ, ಎಳೆಯನ್ನು ಜ್ವಾಲೆಯಲ್ಲೇ ಕತ್ತರಿಸಿ. ಪ್ರತಿ ಎರಡು ಚುಕ್ಕಿಗೊಮ್ಮೆ ಮಣಿಯನ್ನು ಜ್ವಾಲೆಯ ತುದಿಯಲ್ಲಿ ತಿರುಗಿಸುತ್ತ, ಹೊಟ್ಟೆಯ ಕಡೆಯಿಂದ ಬೆಚ್ಚಗೆ ಮಾಡಿ. ಕಿತ್ತಳೆ ಬಣ್ಣದ ಮೂಗು ಎಲ್ಲಕ್ಕಿಂತ ಕೊನೆಗೆ. ಅದರ ಬುಡ ಮುಖಕ್ಕೆ ಅಗಲವಾಗಿ ಕೂಡಿರಬೇಕು. ಚುಕ್ಕಿಯಷ್ಟೇ ತಾಗಿ ಬುಡದ ಸುತ್ತ ಸಂದು ಉಳಿದರೆ, ಪೊಟ್ಟಣ ಕಟ್ಟುವಾಗಲೇ ಮೂಗು ಮುರಿದು ಕೈಗೆ ಬರುತ್ತದೆ.

ಕೆಂಡದ ಬಣ್ಣ ಪೂರ್ತಿ ಹೋಗಿದೆಯೇ ಎಂದು ಮೇಜಿನ ಕೆಳಗಿನ ಕತ್ತಲಲ್ಲಿ ಹಿಡಿದು ನೋಡಿ, ತಡಮಾಡದೆ ಕಿಲ್ನ್‌ಗೆ, ಅಂದರೆ ವಿದ್ಯುತ್ ಕುಲುಮೆಗೆ, ಇಡಿ. ಇನ್ನೂ ಕೆಂಪಿದ್ದರೆ ಕಿಲ್ನ್ ನೆಲದ ಗುರುತು ಮಣಿಗೆ ಬೀಳುತ್ತದೆ. ನಾನು 520 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು, ಗಂಟೆಗೆ 50 ಡಿಗ್ರಿಯಂತೆ 370ಕ್ಕೆ ಇಳಿಸಿ, ಸ್ವಿಚ್ ಆರಿಸಿ, ತಾನಾಗಿ ತಣಿಯುವವರೆಗೆ ಬಾಗಿಲು ತೆರೆಯುವುದಿಲ್ಲ. ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಹರಳಿನಲ್ಲಿ ಹೂತಿಟ್ಟರೆ ಮಣಿ ನಿಧಾನ ತಣಿಯುತ್ತದೆ ನಿಜ, ಆದರೆ ಒಳಗಿನ ಬಿಗಿತ ಹೋಗುವುದಿಲ್ಲ. ಮಾರುವ ಮಣಿಗೆ ಅದು ಸಾಲದು.

ಕೊನೆಗೆ ನೀರಿನಲ್ಲಿ ನೆನೆಸಿ, ಮ್ಯಾಂಡ್ರೆಲ್ಲನ್ನು ಇಕ್ಕಳದಲ್ಲಿ ಹಿಡಿದು ಮಣಿಯನ್ನು ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ. ತೂತಿನೊಳಗಿನ ಲೇಪವನ್ನು ಡೈಮಂಡ್ ರೀಮರ್‌ನಿಂದ (ವಜ್ರದ ಪುಡಿ ಅಂಟಿಸಿದ ಸಣ್ಣ ಅರ) ನೀರಿನಡಿಯಲ್ಲೇ ಕೆರೆಯಿರಿ. ಆ ಪುಡಿ ಒಣಗಿ ಹಾರಿದರೆ ಶ್ವಾಸಕೋಶಕ್ಕೆ ಹಾನಿ.