ಪತ್ತೇದಾರಿ ಶಾಲೆ ಕಥೆಗಳನ್ನ ನಾನು ಹೆಂಗ್ ಬರೀತಿದೀನಿ

ಸಕಲೇಶಪುರದಲ್ಲಿ ಕೂತ್ಕೊಂಡು ಮಕ್ಕಳಿಗೆ ಪತ್ತೇದಾರಿ ಕಥೆ ಬರೀತೀನಿ ಅಂದ್ರೆ ಎಲ್ರೂ ಕೇಳೋದು ಒಂದೇ, "ಇಲ್ಲೇನ್ ಮಹಾ ಕಳ್ತನ ಆಗತ್ತೆ ಮಾರಾಯ್ರೆ?" ಅಂತ. ಯಾಕಾಗಲ್ಲ, ಕಣದಲ್ಲಿ ಒಣಗಕ್ಕೆ ಹಾಕಿರೋ ಕಾಫಿ ಹೋಗತ್ತೆ, ಮೆಣಸು ಬಳ್ಳಿ ಸಮೇತ ಹೋಗತ್ತೆ, ಪಂಪ್‌ಸೆಟ್ ಕೇಬಲ್ ಹೋಗತ್ತೆ. ಕಥೆಗೆ ಬರಗಾಲ ಇಲ್ಲ. ಕಷ್ಟ ಬರೋದು ಬೇರೆ ಕಡೆ.

ಮಕ್ಕಳು ಕೇಸ್ ಹಿಡೀಬೇಕು ಅಂದ್ರೆ ದೊಡ್ಡೋರು ಪಕ್ಕಕ್ಕೆ ಸರೀಬೇಕಲ್ಲ, ಪ್ರತಿ ಕಥೆಲೂ ಅಪ್ಪ ಅಮ್ಮ ಮದುವೆಗೆ ಹೋಗಿದ್ರು ಅಂತ ಬರಿಯಕ್ಕಾಗಲ್ಲ, ಪೊಲೀಸ್ರು ಏನ್ ಮಾಡ್ತಿದ್ರು ಅಂತ ಮಕ್ಕಳೇ ಕೇಳ್ತವೆ. ಅದಕ್ಕೇ ಒಂದು ಹಾಸ್ಟೆಲ್ ಇರೋ ಶಾಲೆ ಮಾಡ್ದೆ, ಅಲ್ಲಿ ಗಣಿತ, ಸಮಾಜ ಇದ್ದಂಗೆ ಪತ್ತೇದಾರಿನೂ ಒಂದು ಪಿರಿಯಡ್ಡು. ಗೇಟು, ಬೆಲ್ಲು, ವಾರ್ಡನ್ನು ಇದ್ರೆ ಕಥೆಗೆ ತಾನಾಗೇ ಬೇಲಿ ಬೀಳತ್ತೆ, ಆರೂವರೆ ಒಳಗೆ ವಾಪಸ್ ಬರಬೇಕು ಅನ್ನೋ ಒಂದು ರೂಲ್ ಸಾಕು ಎರಡು ಅಧ್ಯಾಯ ಓಡಕ್ಕೆ. ಇನ್ನು ಮಲೆನಾಡಲ್ಲಿ ನೆಟ್‌ವರ್ಕು, ಕರೆಂಟು ಎರಡೂ ಮಳೆ ಜೊತೆ ಹೋಗೋದ್ರಿಂದ ಮೊಬೈಲು, ಸಿಸಿಟಿವಿ ಕಾಟನೂ ಇಲ್ಲ. ಜುಲೈನಲ್ಲಿ ಡಿಸಿ ಮಳೆ ರಜೆ ಕೊಟ್ರೆ ಮನೆಗೆ ಹೋಗಕ್ಕೆ ದಾರಿ ಇಲ್ದೆ ಹಾಸ್ಟೆಲ್ಲಲ್ಲೇ ಉಳ್ಕೊಂಡಿರೋ ನಾಲ್ಕು ಮಕ್ಕಳು, ಅದೇ ನನ್ನ ಟೀಮು.

ಪಾಠ ಮಾಡೋದು ಗಿರಿಜಾ ಮೇಡಂ, ಪೊಲೀಸ್ ಇಲಾಖೆ ಬೆರಳಚ್ಚು ವಿಭಾಗದಿಂದ ರಿಟೈರಾದೋರು. ಅವರು ಉತ್ತರ ಹೇಳಲ್ಲ, ಒಂದೇ ಪ್ರಶ್ನೆ ಕೇಳ್ತಾರೆ, "ನೋಡಿದ್ದಾ, ಅಂದ್ಕೊಂಡಿದ್ದಾ?" ಮಕ್ಕಳ ನೋಟ್‌ಬುಕ್ಕಲ್ಲಿ ಮಧ್ಯ ಗೆರೆ ಎಳ್ದು ಒಂದು ಕಡೆ ನೋಡಿದ್ದು, ಇನ್ನೊಂದು ಕಡೆ ಅಂದ್ಕೊಂಡಿದ್ದು. ಆ ಪುಟನ ಕಥೆ ಮಧ್ಯ ಹಂಗೇ ಕೊಡ್ತೀನಿ, ಓದೋ ಮಗುಗೆ ಕೇಸ್ ಬಿಡಿಸಕ್ಕೆ ಬೇಕಾಗಿದ್ದು ಎಲ್ಲಾ ಅದ್ರಲ್ಲಿರತ್ತೆ, ಕೊನೇಲಿ ಎಲ್ಲಿಂದಲೋ ಹೊಸ ಸಾಕ್ಷಿ ಉದುರಲ್ಲ. ನನ್ನ ಪ್ರಕಾರ ಮಕ್ಕಳ ಪತ್ತೇದಾರಿ ಕಥೇಲಿ ಮೋಸ ಅಂದ್ರೆ ಅದೊಂದೇ, ಮಿಕ್ಕಿದ್ದೆಲ್ಲ ನಡಿಯತ್ತೆ. ಬೆರಳಚ್ಚು ಪಾಠದಲ್ಲಿ ಮೇಡಂ ಕೈಲಿ 1897ರ ಕಲ್ಕತ್ತಾ ಬೆರಳಚ್ಚು ಬ್ಯೂರೋ ಕಥೆ ಹೇಳಿಸಿದೀನಿ, ಎಡ್ವರ್ಡ್ ಹೆನ್ರಿ ಅನ್ನೋ ಬ್ರಿಟಿಷ್ ಪೊಲೀಸ್ ಅಧಿಕಾರಿ ಹೆಸರಲ್ಲಿ ಪ್ರಪಂಚಕ್ಕೆ ಹೋದ ಬೆರಳಚ್ಚು ವರ್ಗೀಕರಣದ ಹಿಂದೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ನಮ್ಮ ಇಬ್ರು ಸಬ್‌ಇನ್‌ಸ್ಪೆಕ್ಟರ್‌ಗಳ ಲೆಕ್ಕಾಚಾರ ಇತ್ತು ಅಂತ. ಅದನ್ನ ಓದಿ ಅಕ್ಕನ ಮಗಳು ಸ್ಟೀಲ್ ಲೋಟಕ್ಕೆಲ್ಲ ಕೋಕೋ ಪುಡಿ ಉದುರ್ಸಿ ಸೆಲ್ಲೋ ಟೇಪ್ ಅಂಟ್ಸಿದ್ಲು, ಅಕ್ಕ ನಂಗೆ ಫೋನ್ ಮಾಡಿ ಬೈದ್ಲು, ಅದಿರ್ಲಿ.

ಕಥೆ ಬರಿಯೋವಾಗ ನಾನು ಶುರು ಮಾಡೋದು ಸುಳಿವಿಂದ, ಕಳ್ಳನಿಂದ ಅಲ್ಲ. ಆ ಸುಳಿವು ಈ ಊರಿನ ಮಗುಗೆ ದೊಡ್ಡೋರಿಗಿಂತ ಮುಂಚೆ ಹೊಳೀಬೇಕು. ನಂಗೆ ತುಂಬಾ ಇಷ್ಟ ಆಗಿದ್ದು ಹೂ ಮಳೆ ಕೇಸು. ಕಾಫಿ ಗಿಡದಲ್ಲಿ ಮೊಗ್ಗು ಕಾಯ್ಕೊಂಡಿರತ್ತೆ, ಮಾರ್ಚ್ ಏಪ್ರಿಲಲ್ಲಿ ಒಂದು ಇಂಚು ಒಳ್ಳೆ ಮಳೆ ಬಿದ್ರೆ ಎಂಟತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ ಅರಳತ್ತೆ, ಮೂರ್ನಾಲ್ಕು ದಿನಕ್ಕೆ ಬಾಡತ್ತೆ. ಈಗ ಒಬ್ಬ ಹೇಳ್ತಾನೆ, ಕಳ್ತನ ಆದ ದಿನ ನಾನು ತೋಟದಲ್ಲೇ ಇರ್ಲಿಲ್ಲ, ಅದಕ್ಕೆ ನಾಲ್ಕು ದಿನ ಮುಂಚೆ ಬಂದು ಹೂವಿನ ಫೋಟೋ ತೆಗ್ದು ಹೋದೋನು ಆಮೇಲೆ ಬಂದೇ ಇಲ್ಲ ಅಂತ. ಆದ್ರೆ ಎಸ್ಟೇಟ್ ಮನೇಲಿ ದಿನಾ ಬೆಳಗ್ಗೆ ಮಳೆ ಅಳ್ದು ಇಂಚಲ್ಲಿ ಬರ್ದಿಡೋ ಪುಸ್ತಕ ಇರತ್ತಲ್ಲ, ಅದ್ರ ಪ್ರಕಾರ ಅವನು ಫೋಟೋ ತೆಗ್ದೆ ಅನ್ನೋ ದಿನಕ್ಕೆ ಮಳೆ ಆಗಿ ಬರೀ ಐದು ದಿನ. ಹೂ ಎಲ್ಲಿಂದ ಬರತ್ತೆ? ಇನ್ನೂ ನಾಲ್ಕು ದಿನ ಕೂಡಿಸಿದ್ರೆ ಸರಿಯಾಗಿ ಕಳ್ತನದ ದಿನಕ್ಕೇ ಬಂದು ನಿಲ್ಲತ್ತೆ. ತೋಟದ ಮನೆ ಮಕ್ಕಳು ಬಿಡಲ್ಲ, ಸ್ಪ್ರಿಂಕ್ಲರ್ ಹೊಡ್ಸಿದ್ರೂ ಹೂ ಬರತ್ತಲ್ಲ ಮಾಮ ಅಂತ ಕೇಳೇ ಕೇಳ್ತವೆ. ಅದಕ್ಕೆ ಮೊದಲನೇ ಅಧ್ಯಾಯದಲ್ಲೇ ಮೋಟ್ರು ಸುಟ್ಟೋಗಿ ರಿವೈಂಡಿಂಗ್‌ಗೆ ಹಾಸನಕ್ಕೆ ಹೋಗಿರತ್ತೆ, ಮಕ್ಕಳು ಅದನ್ನ ತಮಾಷೆ ಅಂತ ಓದಿ ಮುಂದೆ ಹೋಗ್ತವೆ.

ಗುಪ್ತಲಿಪಿ ವಿಷ್ಯಕ್ಕೆ ಬಂದ್ರೆ ನಮ್ಮ ಅಕ್ಷರಮಾಲೆನೇ ಸಾಕು. ವರ್ಗೀಯ ವ್ಯಂಜನ 25, ಐದು ಸಾಲು ಐದು ಕಂಬ, ಮೊದಲ ಅಂಕಿ ಸಾಲು, ಎರಡನೇದು ಕಂಬ, ಕ ಅಂದ್ರೆ 11, ಮ ಅಂದ್ರೆ 55, ಆರನೇ ಸಾಲಿಗೆ ಯರಲವಶ, ಏಳನೇದಕ್ಕೆ ಷಸಹಳ. ಸ್ವರಕ್ಕೆ ನಂಬರ್ ಕೊಡ್ದೆ ಬಿಟ್ಟೆ, ಬೇಕಂತ್ಲೇ. 55 62 ಅಂತ ಚೀಟಿ ಸಿಕ್ರೆ ಅದು ಮರನೂ ಆಗಬೋದು, ಮೂರೂ ಆಗಬೋದು, ಮೋರಿನೂ ಆಗಬೋದು. ಟೀಮಲ್ಲಿ ಜಗಳ ಆಗಿ ಒಬ್ಬ ಮರ ಹತ್ತಕ್ಕೆ ಹೋಗ್ತಾನೆ, ಇನ್ನೊಬ್ಳು ರಸ್ತೆ ಕೆಳಗಿನ ಮೋರಿಗೆ ಇಳೀತಾಳೆ. ಇದನ್ನ ಓದಿದ ಮಕ್ಕಳು ಕ್ಲಾಸಲ್ಲಿ ನಂಬರ್ ಚೀಟಿ ಪಾಸ್ ಮಾಡಕ್ಕೆ ಶುರು ಮಾಡಿ ಮೇಷ್ಟ್ರ ಕೈಗೆ ಸಿಕ್ಕಾಕೊಂಡ್ರು ಅಂತ ಸುದ್ದಿ ಬಂತು, ಖುಷಿ ಆಯ್ತು.

ಜಾಗಗಳು ತಾವೇ ಕಥೆ ಕೊಡ್ತವೆ. ನಮ್ಮೂರ ಪಕ್ಕದ ಮಂಜರಾಬಾದ್ ಕೋಟೆ ನಕ್ಷತ್ರದ ಆಕಾರ, 1792ರಲ್ಲಿ ಟಿಪ್ಪು ಕಟ್ಸಿದ್ದು, ಆದ್ರೆ ಒಳಗೆ ನಿಂತೋರಿಗೆ ಆ ಆಕಾರ ಕಾಣಲ್ಲ, ಹಂಗಾಗಿ ನೆಲದಲ್ಲಿ ನಿಂತು ಬರ್ದ ಮ್ಯಾಪು, ಮೇಲಿಂದ ನೋಡಿ ಬರ್ದ ಮ್ಯಾಪು ಎರಡು ಬೇರೆ ಬೇರೆ ಸುಳಿವು. ಹಾಸನಾಂಬೆ ಗುಡಿ ಬಾಗ್ಲು ದೀಪಾವಳಿ ಹೊತ್ತಿಗೆ ವರ್ಷಕ್ಕೊಂದ್ಸಲ ತೆಗೀತಾರೆ, ಹಚ್ಚಿಟ್ಟ ದೀಪ ಆರಿರಲ್ಲ ಅನ್ನೋ ನಂಬಿಕೆ ಬೇರೆ, ಬೀಗ ಹಾಕಿದ ಕೋಣೆ ಕಥೆಗೆ ಇದಕ್ಕಿಂತ ಬೇಕಾ? ಆದ್ರೂ ಮುಟ್ಲಿಲ್ಲ. ಜನರ ಭಕ್ತಿಗೆ ಹನ್ನೊಂದು ವರ್ಷದ ಪಾತ್ರದ ಕೈಲಿ ಟಾರ್ಚ್ ಬಿಡಿಸೋದು ನಂಗೆ ಸರಿ ಕಾಣಲ್ಲ.

ನಿಜವಾದ ತಲೆನೋವು ಕಳ್ಳ ಯಾರಾಗಬೇಕು ಅನ್ನೋದು. ಇಲ್ಲಿ ಏನ್ ಕಳೆದ್ರೂ ಜನ ಬೆರಳು ತೋರ್ಸೋದು ತೋಟದ ಕೆಲಸದೋರು ಇರೋ ಲೈನ್ ಮನೆ ಕಡೆಗೆ, ಇಲ್ಲ ಅಸ್ಸಾಂನಿಂದ ಕೆಲಸಕ್ಕೆ ಬಂದೋರ ಕಡೆಗೆ. ನನ್ನ ಟೀಮಲ್ಲಿರೋ ರಂಜು ಲೈನ್ ಮನೆ ಹುಡುಗಿ. ಹಂಗಾಗಿ ಊರು ಮೊದ್ಲು ಬೆರಳು ತೋರ್ಸಿದೋರು ಕಳ್ಳ ಅಲ್ಲ ಅಂತ ರೂಲ್ ಹಾಕ್ಕೊಂಡೆ, ಆದ್ರೆ ಸೀರೀಸ್ ಅಂದ್ಮೇಲೆ ರೂಲೇ ಸುಳಿವಾಗೋಗತ್ತೆ. ಮೂರನೇ ಕಥೆ ಅರ್ಧ ಓದೋ ಹೊತ್ತಿಗೆ ಪಕ್ಕದ ಮನೆ ಹುಡುಗ "ಎಲ್ರೂ ಬೈತಿದಾರಲ್ಲ ಮಾಮ, ಹಂಗಾದ್ರೆ ಇವ್ನಲ್ಲ" ಅಂದ. ಆಮೇಲಿಂದ ಒಂದು ಕೇಸಲ್ಲಿ ಕಳ್ತನನೇ ಆಗಿರಲ್ಲ, ಹಸಿ ಕಾಫಿ ಒಣಗಿ ತೂಕ ಇಳ್ದಿರತ್ತೆ ಅಷ್ಟೇ, ಲೆಕ್ಕ ಬರ್ದೋರಿಗೆ ಗೊತ್ತಾಗಿರಲ್ಲ. ಇನ್ನೊಂದ್ರಲ್ಲಿ ಎಲ್ರೂ ಬೈತಿದ್ದೋನೇ ತಗೊಂಡಿರ್ತಾನೆ, ಆದ್ರೆ ಅದು ಅವನದ್ದೇ ಸಾಮಾನು, ಸಾಲ ಕೊಟ್ಟೋರು ಅಡ ಇಟ್ಕೊಂಡು ವಾಪಸ್ ಕೊಡದೇ ಇದ್ದಿದ್ದು. ಅದನ್ನ ಕಳ್ತನ ಅನ್ಬೇಕಾ ಬೇಡ್ವಾ ಅಂತ ಗಿರಿಜಾ ಮೇಡಂ ಕೇಳಲ್ಲ, ರಂಜು ಕೇಳ್ತಾಳೆ.

ಈಗ ಹಾಸನದ ಹತ್ರ ಇರೋ ಶೆಟ್ಟಿಹಳ್ಳಿ ಹಳೇ ಚರ್ಚಿನ ಕಥೆ ಬರೀತಿದೀನಿ. ಹೇಮಾವತಿ ಡ್ಯಾಮ್ ತುಂಬ್ದಾಗ ಗೋಡೆ ಅರ್ಧ ಮುಳುಗತ್ತೆ, ಬೇಸಿಗೇಲಿ ಒಣ ನೆಲದ ಮೇಲೇ ನಡ್ಕೊಂಡು ಹೋಗಬೋದು, ಅಂದ್ರೆ ಮೇನಲ್ಲಿ ಬಚ್ಚಿಟ್ಟಿದ್ದನ್ನ ಆಗಸ್ಟಲ್ಲಿ ತೆಗಿಯಕ್ಕಾಗಲ್ಲ, ಕಳ್ಳನೂ ಕಾಯ್ಬೇಕು ಪತ್ತೇದಾರರೂ ಕಾಯ್ಬೇಕು. ಅಷ್ಟರಲ್ಲಿ ನಾಲ್ಕೂ ಜನ ಎಸ್ಸೆಸ್ಸೆಲ್ಸಿಗೆ ಬಂದಿರ್ತಾರೆ. ಪರೀಕ್ಷೆ ಮುಗೀತು ಅಂದ್ರೆ ಹಾಸ್ಟೆಲ್ ಖಾಲಿ ಮಾಡ್ಬೇಕು, ನೀರು ಪೂರ್ತಿ ಇಳಿಯೋದು ಅದಾದ್ಮೇಲೆ, ಹಂಗಾಗಿ ಕೇಸನ್ನ ಏಳನೇ ಕ್ಲಾಸಿನ ಜೂನಿಯರ್‌ಗಳಿಗೆ ನೋಟ್‌ಬುಕ್ ಸಮೇತ ಒಪ್ಪಿಸ್ಬೇಕಾಗತ್ತೆ. ಆ ಜೂನಿಯರ್‌ಗಳು ಯಾರು ಅಂತ ಇನ್ನೂ ಹುಡುಕ್ತಿದೀನಿ, ಒಬ್ಬಳ ಹೆಸರು ಮಾತ್ರ ಗ್ಯಾರಂಟಿ ಆಗಿದೆ, ರಂಜು ತಂಗಿ.