ಕಿಣ್ವ ಹೇಗೆ ಕೆಲಸ ಮಾಡುತ್ತದೆ? ನೊರೆ ನೋಡಿ ತಿಳಿಯಿರಿ

ಕಿಣ್ವ (ಎಂಜೈಮ್) ಎಂದ ಕೂಡಲೇ ಪಠ್ಯಪುಸ್ತಕದ ಗ್ರಾಫ್ ನೆನಪಾಗುತ್ತದೆ, ಅಲ್ವಾ? ಅದನ್ನು ಸದ್ಯಕ್ಕೆ ಬದಿಗಿಡಿ. ಒಂದು ಆಲೂಗಡ್ಡೆ, ಶೇ 3ರ ಹೈಡ್ರೋಜನ್ ಪೆರಾಕ್ಸೈಡ್, ಸ್ವಲ್ಪ ವಿನೆಗರ್, ಒಂದೇ ಅಳತೆಯ ನಾಲ್ಕು ಗಾಜಿನ ಲೋಟ ಸಾಕು. ಕಿಣ್ವ ದುಡಿಯುವುದನ್ನೂ ಕೈಕೊಡುವುದನ್ನೂ ಕಣ್ಣಾರೆ ನೋಡಬಹುದು. ಪೆರಾಕ್ಸೈಡ್ ಕಣ್ಣಿಗೆ ಸಿಡಿಯದಂತೆ ಎಚ್ಚರ ಇರಲಿ, ಲೋಟದ ಬಾಯಿ ಮುಚ್ಚಬೇಡಿ.

ಹಂತ 1: ಹಸಿ ತುರಿ

ಆಲೂಗಡ್ಡೆ ತುರಿದು ಒಂದು ಚಮಚದಷ್ಟು ಲೋಟಕ್ಕೆ ಹಾಕಿ. ಮೇಲೆ ಎರಡು ಚಮಚ ಪೆರಾಕ್ಸೈಡ್ ಸುರಿಯಿರಿ. ಮೊದಲು ತುರಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಾಣುತ್ತವೆ. ನೋಡನೋಡುತ್ತಿದ್ದಂತೆ ಅವು ಒತ್ತೊತ್ತಾಗಿ ಬಿಳಿ ನೊರೆಯಾಗುತ್ತವೆ, ತುರಿಯನ್ನೂ ಎತ್ತಿಕೊಂಡು ಮೇಲೇರುತ್ತವೆ. ಗುಳ್ಳೆಯೊಳಗೆ ಇರುವುದು ಆಮ್ಲಜನಕ.

ಇದು ಕ್ಯಾಟಲೇಸ್ ಎಂಬ ಕಿಣ್ವದ ಕೆಲಸ. ಜೀವಕೋಶದಲ್ಲಿ ಪೆರಾಕ್ಸೈಡ್ ತಾನಾಗಿ ಹುಟ್ಟುತ್ತಿರುತ್ತದೆ, ಹೆಚ್ಚಾದರೆ ವಿಷ. ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದು ಕ್ಯಾಟಲೇಸ್‌ನ ಹೊಣೆ. ಬಾಟಲಿಯಲ್ಲಿ ಸುಮ್ನೆ ಇಟ್ಟರೂ ಪೆರಾಕ್ಸೈಡ್ ಒಡೆಯುತ್ತದೆ, ಆದರೆ ತೀರಾ ನಿಧಾನ. ಕಿಣ್ವ ಆಗದ ಕೆಲಸವನ್ನು ಆಗಿಸುವುದಿಲ್ಲ. ಕ್ರಿಯೆ ಶುರುವಾಗಲು ಬೇಕಾದ ಶಕ್ತಿಯನ್ನು ತಗ್ಗಿಸಿ, ಆಗುವುದನ್ನೇ ಬೇಗ ಆಗಿಸುತ್ತದೆ.

ಹೇಗೆ? ಬಹುತೇಕ ಕಿಣ್ವಗಳು ಪ್ರೋಟೀನ್‌ಗಳು. ಉದ್ದನೆಯ ಎಳೆ ಮಡಚಿಕೊಂಡು ಒಂದು ಆಕಾರ ಪಡೆದಿರುತ್ತದೆ. ಅದರಲ್ಲೊಂದು ಪುಟ್ಟ ಗುಳಿ. ಅದೇ ಸಕ್ರಿಯ ತಾಣ. ತಕ್ಕ ಅಣು ಬಂದು ಅಲ್ಲಿ ಕೂರುತ್ತದೆ, ಒಡೆಯುತ್ತದೆ, ಹೊರಬೀಳುತ್ತದೆ. 1894ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಶರ್ ಇದನ್ನು ಬೀಗ ಮತ್ತು ಕೀಲಿಗೆ ಹೋಲಿಸಿದರು. 1958ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಡೇನಿಯಲ್ ಕೋಶ್ಲ್ಯಾಂಡ್ ಅದನ್ನು ತಿದ್ದಿದರು: ಅಣು ಬಂದಾಗ ಗುಳಿಯೂ ತುಸು ಬದಲಾಗಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

ನೊರೆ ನಿಂತ ಮೇಲೆ ಅದೇ ತುರಿಗೆ ಇನ್ನೆರಡು ಚಮಚ ಪೆರಾಕ್ಸೈಡ್ ಹಾಕಿ ನೋಡಿ. ಮತ್ತೆ ನೊರೆ! ಈ ಕೆಲಸದಲ್ಲಿ ಪೆರಾಕ್ಸೈಡ್ ಖರ್ಚಾಗುತ್ತದೆ, ಕಿಣ್ವ ಖರ್ಚಾಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಇದೇ ಮುಖ್ಯ ಭಾಗ, ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ.

ಹಂತ 2: ಬೇಯಿಸಿದ ತುರಿ

ಒಂದಿಷ್ಟು ತುರಿಯನ್ನು ಹತ್ತು ನಿಮಿಷ ಕುದಿಸಿ. ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಹಾಕಿದರೆ ಪೆರಾಕ್ಸೈಡ್ ಶಾಖಕ್ಕೂ ಒಡೆಯುತ್ತದೆ, ಫಲಿತಾಂಶ ಕಲಸುಮೇಲೋಗರ. ಆರಿದ ತುರಿಗೆ ಪೆರಾಕ್ಸೈಡ್ ಸುರಿದರೆ ನೊರೆ ಏಳುವುದಿಲ್ಲ. ಕುದಿತಕ್ಕೆ ಪ್ರೋಟೀನಿನ ಮಡಿಕೆಗಳು ಬಿಚ್ಚಿಕೊಂಡಿವೆ, ಗುಳಿಯ ಆಕಾರ ಹೋಗಿದೆ. ತಣ್ಣಗಾದ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ.

ಹಾಗಂತ ಎಲ್ಲ ಕಿಣ್ವಗಳೂ ಬಿಸಿಗೆ ಸೋಲುವುದಿಲ್ಲ. ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಸಿಕ್ಕ ಟ್ಯಾಕ್ ಪಾಲಿಮರೇಸ್ ಎಂಬ ಕಿಣ್ವ 72 ಡಿಗ್ರಿ ಸೆಲ್ಸಿಯಸ್‌ನಲ್ಲೂ ಚುರುಕಾಗಿರುತ್ತದೆ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸಿ ನೋಡುವ ಪಿಸಿಆರ್ ಪರೀಕ್ಷೆ ನಡೆಯುವುದು ಇಂಥ ಕಿಣ್ವಗಳ ಬಲದಿಂದಲೇ.

ಹಂತ 3: ತಣ್ಣಗಿನ ತುರಿ

ತುರಿ, ಪೆರಾಕ್ಸೈಡ್ ಎರಡನ್ನೂ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಫ್ರೀಜರ್ ಬೇಡ. ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಕಿಣ್ವ ಇನ್ನಷ್ಟು ಹೊರಬರುತ್ತದೆ, ಲೆಕ್ಕ ತಪ್ಪುತ್ತದೆ. ಈಗ ಬೆರೆಸಿದರೆ ನೊರೆ ನಿಧಾನವಾಗಿ ಏಳುತ್ತದೆ. ಚಳಿಯಲ್ಲಿ ಅಣುಗಳ ಓಡಾಟ ಕಡಿಮೆ, ಗುಳಿಗೆ ಬಂದು ತಾಗುವುದೂ ಕಡಿಮೆ. ಆದರೆ ಆಕಾರ ಕೆಟ್ಟಿಲ್ಲ. ಲೋಟ ಬೆಚ್ಚಗಾದಂತೆ ವೇಗ ತಾನಾಗಿ ಹೆಚ್ಚುತ್ತದೆ.

ಹಂತ 4: ಹುಳಿ ಹಾಕಿದ ತುರಿ

ತುರಿಯನ್ನು ಹತ್ತು ನಿಮಿಷ ವಿನೆಗರ್‌ನಲ್ಲಿ ನೆನೆಸಿ, ಬಸಿದು, ಪೆರಾಕ್ಸೈಡ್ ಹಾಕಿ. ನೊರೆ ತುಂಬಾ ಕಡಿಮೆ. ಹುಳಿ ಎಷ್ಟಿದೆ ಎಂದು ಹೇಳುವ ಅಳತೆ ಪಿಎಚ್: 7 ಎಂದರೆ ತಟಸ್ಥ, ಅದಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಕ್ಯಾಟಲೇಸ್‌ಗೆ ಹಿಡಿಸುವುದು ಪಿಎಚ್ 7ರ ಆಸುಪಾಸು. ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣಿಸುವ ಪೆಪ್ಸಿನ್ ಕಿಣ್ವಕ್ಕೆ ಮಾತ್ರ ಪಿಎಚ್ 2ರಷ್ಟು ಹುಳಿಯೇ ಬೇಕು. ಅದು ಸಣ್ಣ ಕರುಳಿಗೆ ಇಳಿದರೆ ಕೆಲಸ ನಿಲ್ಲಿಸುತ್ತದೆ, ಅಲ್ಲಿ ಆ ಕೆಲಸವನ್ನು ಟ್ರಿಪ್ಸಿನ್ ಎಂಬ ಇನ್ನೊಂದು ಕಿಣ್ವ ವಹಿಸಿಕೊಳ್ಳುತ್ತದೆ.

ಹಂತ 5: ಪ್ರಮಾಣ ಬದಲಿಸಿ

ಲೋಟ ತೊಳೆದು ಹೊಸ ತುರಿ ಹಾಕಿ. ಪೆರಾಕ್ಸೈಡ್‌ಗೆ ಅರ್ಧದಷ್ಟು ನೀರು ಬೆರೆಸಿದರೆ ನೊರೆ ಇಳಿಯುತ್ತದೆ. ಗಾಢವಾದಷ್ಟೂ ವೇಗ ಜಾಸ್ತಿ, ಆದರೆ ಒಂದು ಮಿತಿಯವರೆಗೆ ಮಾತ್ರ. ಗುಳಿಗಳೆಲ್ಲ ಭರ್ತಿಯಾದ ಮೇಲೆ ಹೊಸ ಅಣುಗಳು ಕಾಯಲೇಬೇಕು. ಆಮೇಲೂ ವೇಗ ಹೆಚ್ಚಬೇಕಾದರೆ ತುರಿಯನ್ನೇ ಜಾಸ್ತಿ ಹಾಕಬೇಕು.