ಫಿಲ್ಲರ್ ಮಾಡಿಸುವ ಮೊದಲು: ಗಂಡಸರ ಮುಖದ ಲೆಕ್ಕವೇ ಬೇರೆ, ಹೆಂಗಸರದ್ದೇ ಬೇರೆ

ಮದುವೆ ಸೀಸನ್ ಬಂತೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ಮಂಗಳೂರಿನ ಸ್ಕಿನ್ ಕ್ಲಿನಿಕ್‌ಗಳಿಗೆ ಫಿಲ್ಲರ್, ಅಂದರೆ ಮುಖ ತುಂಬಿ ಕಾಣಲು ಹಾಕುವ ಇಂಜೆಕ್ಷನ್ ಮಾಡಿಸಲು ಬರುವವರು ಜಾಸ್ತಿ ಆಗುತ್ತಾರೆ. ಈಗ ಗಲ್ಫ್‌ನಿಂದ ರಜೆಯಲ್ಲಿ ಬಂದ ಗಂಡಸರೂ ಇರುತ್ತಾರೆ. ನಾನು ಅಂಥ ಒಂದು ಕ್ಲಿನಿಕ್‌ನಲ್ಲಿ ನರ್ಸ್, ಊರು ಕಾಸರಗೋಡು ಕಡೆ. ಗಂಡ ಹೆಂಡತಿ ಒಟ್ಟಿಗೆ ಬಂದು, ಗಂಡ "ಇವಳಿಗೆ ಮಾಡಿದ್ದನ್ನೇ ನನಗೂ ಮಾಡಿ" ಅನ್ನುವುದುಂಟು. ಮದ್ದು ಒಂದೇ ಇರಬಹುದು. ಆದರೆ ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಅನ್ನುವುದು ಪೂರ್ತಿ ಬೇರೆ. ಅದು ಗೊತ್ತಿದ್ದು ಬಂದರೆ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಬಹುದು.

ಮೊದಲು ಒಂದು ವಿಷಯ. ಬೊಟಾಕ್ಸ್ ಬೇರೆ, ಫಿಲ್ಲರ್ ಬೇರೆ. ಬೊಟಾಕ್ಸ್ ಸ್ನಾಯುವನ್ನು ಸಡಿಲ ಮಾಡುತ್ತದೆ. ಫಿಲ್ಲರ್ ಚರ್ಮದ ಕೆಳಗೆ ಜಾಗ ತುಂಬುತ್ತದೆ. ಜಾಸ್ತಿ ಬಳಸುವುದು ಹೈಲುರಾನಿಕ್ ಆಸಿಡ್ ಜೆಲ್, ಇದು ನಮ್ಮ ಚರ್ಮದಲ್ಲೂ ಇರುವ ವಸ್ತುವೇ. ಯಾವ ಜೆಲ್, ಯಾವ ಜಾಗ ಅನ್ನುವುದರ ಮೇಲೆ ಸುಮಾರು 6ರಿಂದ 18 ತಿಂಗಳು ನಿಲ್ಲುತ್ತದೆ. ಹೆಚ್ಚುಕಮ್ಮಿ ಆದರೆ ಹೈಲುರೊನಿಡೇಸ್ ಅನ್ನುವ ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಬೇರೆ ಜಾತಿಯ ಫಿಲ್ಲರ್‌ಗಳನ್ನು ಹೀಗೆ ಕರಗಿಸಲು ಬರುವುದಿಲ್ಲ. ಮೊದಲ ಸಲ ಮಾಡಿಸುವವರು ಕರಗುವುದನ್ನೇ ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ಮುಖಕ್ಕೆ ಬರೋಣ. ನಮ್ಮ ಕಡೆ ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಸ್ತ್ರೀವೇಷದವರು ಬಣ್ಣ ಹಚ್ಚುವುದನ್ನು ಹತ್ತಿರದಿಂದ ನೋಡಿದ್ದರೆ ಅರ್ಧ ಪಾಠ ಆಗಲೇ ಆಗಿದೆ. ಕೆನ್ನೆಯ ಮೇಲ್ಭಾಗ ಎತ್ತಿ ತೋರಬೇಕು, ದವಡೆ ಕಿರಿದಾಗಿ ಕಾಣಬೇಕು, ತುಟಿ ತುಂಬಿರಬೇಕು. ಸಿರಿಂಜ್ ಹಿಡಿದ ಡಾಕ್ಟರೂ ನೋಡುವುದು ಇದನ್ನೇ. ಹೆಂಗಸರ ಕೆನ್ನೆಯ ಎತ್ತರದ ಬಿಂದು ಸ್ವಲ್ಪ ಮೇಲೆ, ಹೊರಬದಿಗೆ ಇರುತ್ತದೆ. ಗಂಡಸರದ್ದು ಕೆಳಗೆ, ಮೂಗಿನ ಕಡೆಗೆ, ಚಪ್ಪಟೆ. ಗಂಡಸಿಗೆ ಹೆಂಗಸಿನ ಬಿಂದುವಿನಲ್ಲಿ ಜೆಲ್ ಹಾಕಿದರೆ ಕೆನ್ನೆ ಉಂಡೆಯಾಗಿ ಮುಖದ ಗುರುತೇ ಬದಲಾಗುತ್ತದೆ. ಆಮೇಲೆ "ಏನೋ ಸರಿಯಿಲ್ಲ" ಅನ್ನುತ್ತಾರೆ, ಏನು ಅಂತ ಹೇಳಲು ಗೊತ್ತಾಗುವುದಿಲ್ಲ. ಗಂಡಸರ ಕೆನ್ನೆಗೆ ಹಾಕುವಾಗ ಕೈ ಹಿಡಿತದಲ್ಲಿರಬೇಕು, ಗುಳಿ ಬಿದ್ದದ್ದು ತುಂಬಿದರೆ ಸಾಕು.

ಗದ್ದ ಮತ್ತು ದವಡೆಯಲ್ಲಿ ಉಲ್ಟಾ. ಇಲ್ಲಿ ಗಂಡಸರಿಗೆ ಧಾರಾಳ ಬೇಕಾಗುತ್ತದೆ. ಗಂಡಸಿನ ಗದ್ದ ಅಗಲ, ಚೌಕ. ಹೆಚ್ಚುಕಡಿಮೆ ಬಾಯಿಯಷ್ಟು ಅಗಲ ಇದ್ದರೆ ಚೆನ್ನಾಗಿ ಕಾಣುತ್ತದೆ. ಕಿವಿಯ ಕೆಳಗಿನ ದವಡೆಯ ಮೂಲೆಯೂ ಎದ್ದು ಕಾಣಬೇಕು. ಹೆಂಗಸಿನ ಗದ್ದ ಕಿರಿದಾಗಿ ಒಂದು ಕಡೆ ಕೂಡಬೇಕು, ದವಡೆ ಗೆರೆ ಮೆಲ್ಲಗೆ ಸಾಗಬೇಕು. ಹಾಗಾಗಿ ಹೆಂಗಸಿಗೆ ಗದ್ದದ ನಡುವೆ ಸ್ವಲ್ಪ ಹಾಕಿ ಮುಗಿಸುವ ಕಡೆ ಗಂಡಸಿಗೆ ಎರಡೂ ಬದಿಗೆ ಹಾಕುತ್ತಾರೆ. ಗಂಡಸರ ಚರ್ಮ ದಪ್ಪ, ಮೂಳೆ ದೊಡ್ಡದು. ಒಂದು ಸಿರಿಂಜ್ ಅಂದರೆ ಸಾಮಾನ್ಯವಾಗಿ 1 ಮಿಲಿ, ಟೀ ಚಮಚದ ಐದನೇ ಒಂದು ಭಾಗ. ಅಷ್ಟರಲ್ಲಿ ಗಂಡಸಿನ ಪೂರ್ತಿ ದವಡೆ ತೋರುವಷ್ಟು ಬದಲಾಗುವುದು ಕಷ್ಟ. ಖರ್ಚಿನ ಲೆಕ್ಕ ಇದರ ಮೇಲೆಯೇ ಹಾಕಿಕೊಳ್ಳಿ. "ಒಂದು ಸಿರಿಂಜ್ ಆಫರ್" ನೋಡಿ ಬಂದು ಬೇಸರ ಆಗುವವರಲ್ಲಿ ಗಂಡಸರೇ ಜಾಸ್ತಿ.

ತುಟಿಗೆ ಗಂಡಸರು ಬರುವುದು ಕಡಿಮೆ. ಬಂದರೂ ಒಣಗಿದ, ಬತ್ತಿದ ತುಟಿ ಸ್ವಲ್ಪ ತುಂಬಿಸಿದರೆ ಸಾಕು, ಅಂಚು ಎದ್ದು ಕಾಣುವಂತೆ ಮಾಡಬಾರದು. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜನ್ ಸುಮಾರು ಶೇಕಡಾ 30 ಕಡಿಮೆಯಾಗುತ್ತದೆ ಅನ್ನುತ್ತಾರೆ. ಮೇಲ್ತುಟಿಯ ಮೇಲೆ ಮೇಲಿನಿಂದ ಕೆಳಕ್ಕೆ ಸಣ್ಣ ಸಣ್ಣ ಗೆರೆಗಳು ಬರುವುದೂ ಅವರಿಗೇ ಜಾಸ್ತಿ. ಮೀಸೆಯ ಬೇರು, ಎಣ್ಣೆ ಗ್ರಂಥಿ ಇರುವುದರಿಂದ ಗಂಡಸರಿಗೆ ಅಲ್ಲಿ ಅಷ್ಟು ಗೆರೆ ಬೀಳುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಮುಖ ನಿಮ್ಮದು. ಗಂಡಸಾಗಿದ್ದು ನಯವಾದ ಮುಖ ಬೇಕು ಅನಿಸಿದರೆ, ಹೆಂಗಸಾಗಿದ್ದು ದವಡೆ ಗಟ್ಟಿ ಕಾಣಬೇಕು ಅನಿಸಿದರೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಡಾಕ್ಟರು ಸಾಮಾನ್ಯ ಲೆಕ್ಕದಲ್ಲೇ ಮಾಡುತ್ತಾರೆ. ಹೋಗುವಾಗ ನಟ ನಟಿಯರ ಫೋಟೋ ಬಿಟ್ಟು ನಿಮ್ಮದೇ ಹತ್ತು ವರ್ಷ ಹಳೆಯ ಫೋಟೋ ತೆಗೆದುಕೊಂಡು ಹೋಗಿ. ಎಲ್ಲಿ ಬತ್ತಿದೆ ಅಂತ ಅದರಲ್ಲಿ ಸ್ಪಷ್ಟ ಕಾಣುತ್ತದೆ.

ಮಾಡುವವರು ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನ್ನರೋ ಆಗಿರಲಿ. ಬ್ಯೂಟಿ ಪಾರ್ಲರ್‌ನಲ್ಲಿ ಮಾತ್ರ ಬೇಡ, ಎಷ್ಟು ಅಗ್ಗ ಆದರೂ ಬೇಡ. ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಹೈಲುರೊನಿಡೇಸ್ ಅಲ್ಲೇ ಸ್ಟಾಕ್ ಇದೆಯಾ ಅಂತಲೂ ಕೇಳಿ. ಇಲ್ಲ ಅಂದರೆ ಎದ್ದು ಬನ್ನಿ.

ರಕ್ತ ತೆಳು ಮಾಡುವ ಮಾತ್ರೆ, ನೋವಿನ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್ ಏನೇ ತಿನ್ನುತ್ತಿದ್ದರೂ ಮೊದಲೇ ಹೇಳಿ. ಹಾರ್ಟ್‌ಗೆಂದು ಕೊಟ್ಟ ಆಸ್ಪಿರಿನ್ ಅನ್ನು ನೀವಾಗಿ ನಿಲ್ಲಿಸಬೇಡಿ. ಬಸುರಿಯರು, ಹಾಲೂಡಿಸುವವರು ಸದ್ಯಕ್ಕೆ ಬಿಡಿ. ತುಟಿಯ ಅಂಚಿನಲ್ಲಿ ಆಗಾಗ ನೀರುಗುಳ್ಳೆ ಏಳುವವರು, ಸಕ್ಕರೆ ಕಾಯಿಲೆ ಇರುವವರು ಮುಚ್ಚಿಡಬೇಡಿ. ಹಲ್ಲಿನ ಕೆಲಸ ಇದ್ದರೆ ಎರಡು ವಾರ ಅಂತರ ಇರಲಿ. ಗಂಡಸರು ದವಡೆಗೆ ಮಾಡಿಸುವುದಾದರೆ ಹಿಂದಿನ ದಿನವೇ ಗಡ್ಡ ತೆಗೆದು ಬನ್ನಿ. ಕೂದಲಿದ್ದರೆ ಚರ್ಮ ಸರಿಯಾಗಿ ಸ್ವಚ್ಛ ಮಾಡಲು ಆಗುವುದಿಲ್ಲ, ಗುರುತು ಹಾಕಲೂ ಕಷ್ಟ.

ಆ ದಿನ ನಿಮ್ಮನ್ನು ಕೂರಿಸಿಯೇ ಪೆನ್ಸಿಲ್‌ನಿಂದ ಮುಖದ ಮೇಲೆ ಗುರುತು ಹಾಕಬೇಕು. ಮಲಗಿದರೆ ಕೆನ್ನೆ ಕಿವಿ ಕಡೆಗೆ ಜಾರುತ್ತದೆ. ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರೇ ಒಡೆಯಲಿ. ಒಳಗೆ ಬ್ಯಾಚ್ ನಂಬರಿನ ಸಣ್ಣ ಸ್ಟಿಕ್ಕರ್ ಇರುತ್ತದೆ, ಅದರ ಫೋಟೋ ಹೊಡೆದುಕೊಳ್ಳಿ. ಹಾಕಿದ ಮೇಲೆ ನಾವು ಬೆರಳಿನಿಂದ ಅಲ್ಲಿ ಒತ್ತಿ ಬಿಡುತ್ತೇವೆ. ಒತ್ತಿದಲ್ಲಿ ಬಿಳುಚಿದ ಬಣ್ಣ ಎರಡು ಸೆಕೆಂಡಿನೊಳಗೆ ತಿರುಗಿ ಬರಬೇಕು. ಬಂದರೆ ರಕ್ತ ಸರಿ ಓಡುತ್ತಿದೆ ಅಂತ ಅರ್ಥ.

ಮನೆಗೆ ಹೋದ ಮೇಲೆ ತಿಕ್ಕಬೇಡಿ, ಒತ್ತಬೇಡಿ. ಒಂದೆರಡು ದಿನ ಜಿಮ್, ಬಿಸಿಲು, ಕುಡಿತ ಬೇಡ. ಹೆಂಗಸರು ಮೇಕಪ್, ಗಂಡಸರು ಶೇವಿಂಗ್ ಮರುದಿನದವರೆಗೆ ಬಿಡಿ. ದವಡೆಗೆ ಮಾಡಿಸಿದವರು ಕೆಲವು ದಿನ ಬೈಕ್ ಬಿಟ್ಟು ಬಸ್ಸೋ ರೈಲೋ ಹಿಡಿಯಿರಿ, ಹೆಲ್ಮೆಟ್ ಬೆಲ್ಟ್ ಅಲ್ಲಿಗೇ ಒತ್ತುತ್ತದೆ. ಯಕ್ಷಗಾನ ಮೇಳದವರಾದರೆ ಎರಡು ವಾರ ಬಣ್ಣ, ಕಿರೀಟ ಇಲ್ಲದ ಸಮಯ ನೋಡಿ ಮಾಡಿಸಿ. ಗಡ್ಡದ ಜಾಗದಲ್ಲಿ ಸಣ್ಣ ರಕ್ತನಾಳ ಜಾಸ್ತಿ, ಹಾಗಾಗಿ ಗಂಡಸರಿಗೆ ನೀಲಿಗಟ್ಟುವುದು ಹೆಚ್ಚು. ಅದಕ್ಕೆ ಗಾಬರಿ ಬೇಡ.

ಗಾಬರಿ ಬೀಳಬೇಕಾದ್ದು ಬೇರೆ ಇದೆ. ನೋವು ತಡೆಯಲಾರದಷ್ಟು ಏರಿದರೆ, ಚರ್ಮ ಬಿಳುಚಿದರೆ ಅಥವಾ ಬಲೆಯ ಹಾಗೆ ನೇರಳೆ ಗೆರೆ ಮೂಡಿದರೆ, ಜೆಲ್ ರಕ್ತನಾಳವನ್ನು ಕಟ್ಟಿರಬಹುದು. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಬಿಳುಚಿದ್ದು ಬೇಗ ಕಾಣುವುದಿಲ್ಲ, ಅದಕ್ಕೆ ನೋವಿನ ಕಡೆಗೂ ಗಮನ ಇರಲಿ. ಕೂಡಲೇ ಫೋನ್ ಮಾಡಿ, ರಾತ್ರಿ ಆದರೂ ಸರಿ. ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯಬೇಡಿ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. ಮೂಗು, ಹಾಗೆಯೇ ಎರಡು ಹುಬ್ಬುಗಳ ನಡುವಿನ ಜಾಗ ಇದಕ್ಕೆ ಅತಿ ಅಪಾಯದ್ದು. ಗಂಡಸಾಗಲಿ ಹೆಂಗಸಾಗಲಿ, ಮೊದಲ ಸಲಕ್ಕೆ ಅಲ್ಲಿ ಬೇಡವೇ ಬೇಡ.

ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಎರಡು ವಾರ ಬೇಕು. ಮದುವೆಗಾದರೆ ಒಂದು ತಿಂಗಳು ಮೊದಲೇ ಮುಗಿಸಿ. ರಜೆ ಮುಗಿಸಿ ವಿಮಾನ ಹತ್ತುವ ಹಿಂದಿನ ದಿನ ಬಂದು "ಬೇಗ ಮಾಡಿಬಿಡಿ" ಅನ್ನಬೇಡಿ. ಏನಾದರೂ ಆದರೆ ದುಬೈಯ ಡಾಕ್ಟರಿಗೆ ನಿಮ್ಮ ಮುಖದಲ್ಲಿ ಯಾವ ಜೆಲ್, ಎಲ್ಲೆಲ್ಲಿ, ಎಷ್ಟಿದೆ ಅಂತ ಗೊತ್ತಿರುವುದಿಲ್ಲ. ಎರಡು ವಾರದ ಚೆಕಪ್ ಮುಗಿಸಿಯೇ ಹೊರಡಿ. ಸ್ಟಿಕ್ಕರಿನ ಫೋಟೋ, ಡಾಕ್ಟರ ಚೀಟಿ ಎರಡೂ ಫೋನಿನಲ್ಲಿರಲಿ.